ಗೇಟು ಕಾಯುವವನು ಓದಿದ ಕಡಲು

ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ.
ಎರಡು ಲಾರಿಗಳ ನಡುವೆ ಸಿಗುವುದು
ಹೆಚ್ಚೆಂದರೆ ನಾಲ್ಕು ಪುಟ.
ಹಾಗೆ ನಾಲ್ಕು ನಾಲ್ಕಾಗಿ, ಎರಡು ತಿಂಗಳು,
ಕಡಲೊಳಗೆ ಇಳಿಯುತ್ತಿದ್ದೇನೆ.

ಪುಸ್ತಕ ವಿರಾಜಪೇಟೆ ಲೈಬ್ರರಿಯದ್ದು.
ರಟ್ಟಿನ ಮೇಲೆ ಅಲೆ, ಅಲೆಯೊಳಗೊಂದು ಮುಖ,
ಮುಖದ ಮೇಲೆ ಯಾರದೋ ಕಾಫಿ ಲೋಟದ ಉಂಗುರ.
'ಮಕ್ಕಳ ಪುಸ್ತಕ ಅಲ್ವಾ ಇದು?' ಎಂದಳು ದೇಚಕ್ಕ,
ನನ್ನ ನರೆತ ಮೀಸೆ ನೋಡಿ.
ಆಮೇಲೆ ಸೀಲು ಒತ್ತಿದಳು.

ನೀರಿನಡಿ ಒಂದು ಜನ. ಅವರಿಗೆ ಬಾಲವಿಲ್ಲ.
ನನಗೆ ಮೊದಲು ಹಿಡಿಸಿದ್ದೇ ಅದು.
ಕಾಲಿದೆ, ಊರಲು ಬಾರದು.
ಅವರಲ್ಲಿ ಬೈಗುಳ ಒಂದೇ: 'ಒಣಗಿ ಹೋಗು!'
ಅದನ್ನೂ ತಾಯಂದಿರು ಪಿಸುದನಿಯಲ್ಲಿ ಬಯ್ಯುತ್ತಾರೆ.
ಸತ್ತವರನ್ನು ಹೂಳುವುದು ಮೇಲಕ್ಕೆ:
ಬದುಕಿಡೀ ಸೊಂಟಕ್ಕೆ ಬಿಗಿದ ಕಲ್ಲಿನ ಪಟ್ಟಿ ಬಿಚ್ಚಿ
ಕೈ ಬಿಡುತ್ತಾರೆ.
ಹೆಣ ಮೆಲ್ಲಗೆ ಬೆಳಕಿನತ್ತ ಏರುತ್ತದೆ.
ಯಾರೂ ತಲೆಯೆತ್ತಬಾರದು.

ಇಲ್ಲಿ ಒಂದು ಮರದ ಲಾರಿ ಬಂತು.
ಪಾಸು, ಸಹಿ, ಟಾರ್ಚು.
ಮತ್ತೆ ಕೂತು ಅದೇ ಸಾಲು ಓದಿದೆ, ಮೂರು ಸಲ.

ಎಲ್ಲವೂ ಚೆನ್ನ ಅನ್ನಲಾರೆ.
ಯುದ್ಧವೇ ಎಂಬತ್ತು ಪುಟ; ಹವಳದ ಈಟಿ, ಏಡಿಗಳ ಸೇನೆ,
ಹಾರಿಸಿಬಿಟ್ಟೆ.
ರಾಣಿಗೆ ಮೂವರು ಗಂಡುಮಕ್ಕಳು ಯಾಕೆ ಬೇಕಿತ್ತೋ,
ಒಬ್ಬನನ್ನು ನೂರಿಪ್ಪತ್ತನೇ ಪುಟದಲ್ಲಿ
ಬರೆದವರೇ ಮರೆತಿದ್ದಾರೆ.

ನನಗಿಂತ ಮೊದಲು ಓದಿದ ಯಾರೋ
ಅಂಚಿನಲ್ಲಿ ಪೆನ್ಸಿಲು ಹಿಡಿದು ಕಾದಿದ್ದಾರೆ:
ತಿಮಿಂಗಿಲ ಮಾತಾಡಿದಲ್ಲಿ, 'ಸುಳ್ಳು'.
ಚಿಪ್ಪು ಅತ್ತಲ್ಲಿ, 'ಶುದ್ಧ ಸುಳ್ಳು'.
ಆದರೆ ಆ ಹುಡುಗಿ, ನಕ್ಷೆ ಬರೆಯುವ ತೂರಲೆ,
ಅಪ್ಪನ ಪಟ್ಟಿ ಬಿಚ್ಚಿದವಳು
ಕದ್ದು ತಲೆಯೆತ್ತಿದಳಲ್ಲ,
ಅಲ್ಲಿ ಅಂಚು ಖಾಲಿ.
ಮೊನೆ ಊರಿ ಎತ್ತಿಕೊಂಡ ಒಂದು ಚುಕ್ಕೆ ಮಾತ್ರ.

ನಿಜವಾದ ಕಡಲನ್ನು ನಾನು ನೋಡಿದ್ದು ಒಂದೇ ಸಲ,
ಕಣ್ಣೂರಿನ ಆಸ್ಪತ್ರೆಯ ನಾಲ್ಕನೇ ಮಹಡಿಯಿಂದ,
ಅಪ್ಪನ ಸ್ಕ್ಯಾನು ಮುಗಿಯುವ ತನಕ.
ಬೂದಿ ಬಣ್ಣದ ಗೆರೆ, ಅಷ್ಟೇ.
ಹದಿನಾರು ದಿನಕ್ಕೆ ಅಪ್ಪನನ್ನು ಕೆಳಕ್ಕೆ ಹೂತೆವು.
ಎಲ್ಲರೂ ಗುಂಡಿ ನೋಡುತ್ತಿದ್ದಾಗ
ನಾನು ಮಾತ್ರ ಮೇಲೆ ನೋಡುತ್ತಿದ್ದೆನಂತೆ.
ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ತೂರಲೆ ನೆಲಕ್ಕೆ ಬರುತ್ತಾಳೆ, ಹೊಳೆ ಹಿಡಿದು ಎದುರು ಈಜಿ.
ನೀರು ಹುಟ್ಟುವ ಜಾಗ ಅವಳ ನಕ್ಷೆಗೆ ಬೇಕು.
ಏರಿದಷ್ಟೂ ಉಪ್ಪು ಕಮ್ಮಿ, ಉಸಿರೇ ಸಪ್ಪೆ.
ನನ್ನ ಜೇಬಿನಲ್ಲಿ ಸದಾ ಒಂದು ಉಪ್ಪಿನ ಗಂಟು,
ಜಿಗಣೆಗೆ. ಮೀನಖಂಡಕ್ಕೆ ಒತ್ತಿದರೆ ಕಳಚಿ ಬೀಳುತ್ತದೆ.
ಮೀನಖಂಡ!
ಇಷ್ಟು ವರ್ಷ ಈ ಘಾಟಿಯಲ್ಲಿ
ಕಾಲೊಳಗೊಂದು ಮೀನಿಟ್ಟುಕೊಂಡು ನಡೆದೆ,
ಪದ ಕೇಳಿಸಿದ್ದು ಈಗ.

ನಮ್ಮ ನೀರೆಲ್ಲ ಕಾವೇರಿಯ ಹಿಂದೆ ಮೂಡಣಕ್ಕೆ
ಎಂದು ಶಾಲೆಯಲ್ಲಿ ಬಾಯಿಪಾಠ.
ಈ ಗೇಟಿನ ಹಿಂದಿನ ಹಳ್ಳ ಶಾಲೆಗೆ ಹೋದದ್ದಲ್ಲ;
ಬಾರಪೊಳೆ ಸೇರಿ, ಪಡುವಣಕ್ಕೆ ಧುಮುಕುತ್ತದೆ.
ಅವಳು ಬಂದರೆ ಇದೇ ದಾರಿ. ಬರುವುದಿಲ್ಲ, ಗೊತ್ತು.
ಅಂಚಿನವರು ಹೇಳಿದ್ದಾರಲ್ಲ.

ಮೂರೂವರೆಗೆ ಅಸ್ಸೈನಾರನ ಮೀನಿನ ಗಾಡಿ.
'ಎಂತ ಓದುದು ಬೆಳ್ಯಪ್ಪಣ್ಣ?'
'ಕಡಲಿನ ಜನರ ಕಥೆ.'
'ಜನವಾ? ಹಿಂದೆ ಇದ್ದಾರೆ, ಐಸಿನಲ್ಲಿ. ಎಣಿಸಿಕೋ.'
ನಕ್ಕೆವು. ಟಾರ್ಚು ಹಾಕಿದೆ.
ಬಂಗುಡೆ, ಮತ್ತಿ, ಮತ್ತಿ, ಬಂಗುಡೆ,
ಮುಚ್ಚಲು ರೆಪ್ಪೆಯಿಲ್ಲದ ಕಣ್ಣು,
ಎಲ್ಲವೂ ಮೇಲಕ್ಕೆ.

ಗಾಡಿ ಪೆರುಂಬಾಡಿಯತ್ತ ಏರಿತು.
ಟಾರಿನ ಮೇಲೆ ತೊಟ್ಟಿಕ್ಕಿದ ಉಪ್ಪುನೀರಿನ ಗೆರೆ,
ಯಾರೋ ಬರೆಯುತ್ತ ಹೋದಂತೆ, ತಿರುವಿನ ತನಕ.

ಇನ್ನು ಹನ್ನೊಂದು ಪುಟ ಉಳಿದಿದೆ.
ಗೇಟು ಇಳಿಸುವುದು ಸ್ವಲ್ಪ ತಡವಾಯಿತು.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.